ಪರದೇಶದ ಬಂಡವಾಳವೂ ರೈತರ ಮಕ್ಕಳೂ

ಗ್ರಾಮಾಂತರಕ್ಕೆ ಪರದೇಶದ ಬಂಡವಾಳವು ಬಂದರೆ ರೈತರ ಮಕ್ಕಳಿಗೆ ಉದ್ಯೋಗವು ತಾನಾಗಿಯೇ ದೊರೆಯುವುದೆಂಬ ಭಾವನೆಯುಂಟು. ಭೂಮಿ, ನೀರು, ವಿದ್ಯುಚ್ಛಕ್ತಿಗಳನ್ನು ಒದಗಿಸಿದಲ್ಲಿ ಕಾರ್ಖಾನೆಯೇನೋ ಬರಬಹುದು; ಯಂತ್ರದ ಮುಂದೆ ನಿಲ್ಲುವವನಿಗೆ ಮಾತ್ರ ಕಸುಬು ತಿಳಿದಿರಬೇಕು. ಬಿಡದಿಯ ಸಂಗತಿಯನ್ನು ನೋಡಬಹುದು. ಜಪಾನಿನ ಟೊಯೋಟಾ ಕಂಪೆನಿಯು ಕಿರ್ಲೋಸ್ಕರರೊಡಗೂಡಿ 1997ನೆಯ ಇಸವಿಯಲ್ಲಿ ಅಲ್ಲಿ ಮೋಟಾರು ಉದ್ಯಮವನ್ನು ಸ್ಥಾಪಿಸಿತು. ಹಳ್ಳಿಯ ಬಡ ವಿದ್ಯಾರ್ಥಿಗಳಿಗೆ ಊಟ ವಸತಿಗಳೊಡನೆ ಮೂರು ವರ್ಷ ಕಸುಬು ಕಲಿಸುವ ಶಾಲೆಯು ಅಲ್ಲಿಯೇ ತೆರೆದದ್ದು 2007ರಲ್ಲಿ. ಶ್ಲಾಘ್ಯವಾದ ಕಾರ್ಯವೇ ಸರಿ; ಆದರೆ ನಡುವೆ ಹತ್ತು ವರ್ಷಗಳು ಕಳೆದಿದ್ದವು. ಮಾರಿದ ಹೊಲವು ಮರಳಿ ಬಾರದು. ಅದರ ಹಣವು ಮದುವೆ ಮುಂಜಿಗಳಲ್ಲಿ ಕರಗುವುದಕ್ಕೆ ಅಷ್ಟು ಕಾಲವೂ ಬೇಕಿಲ್ಲ. ಮುಂದೆ ಯಾವ ತಾಲ್ಲೂಕಿನಲ್ಲಿ ಇಂತಹ ಒಪ್ಪಂದವಾದರೂ, ಜಮೀನನ್ನು ಅಳೆಯುವುದಕ್ಕೆ ಮೊದಲೇ ಕಸುಬಿನ ಶಾಲೆಯು ನಡೆಯತೊಡಗಿರಬೇಕೆಂಬ ಷರತ್ತನ್ನು ಸರ್ಕಾರವು ವಿಧಿಸತಕ್ಕದ್ದು.