ಕಂಪ್ಯೂಟರ್ ಕಿವಿಮಾತು: ಬೀಗ ಬೀಳುವ ಮುನ್ನ

ಮಗಳ ನಿಕಾಹ್‌ನ ಫೋಟೋ, ಮಕ್ಕಳ ಅಂಕಪಟ್ಟಿ ಎಲ್ಲವೂ ಮನೆಯ ಕಂಪ್ಯೂಟರ್‌ನಲ್ಲೇ ಇವೆಯೇ? ಹಾಗಾದರೆ ಇದನ್ನು ಓದಿ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ವೈರಸ್ ಸುಮಾರು 150 ದೇಶಗಳ ವಿಂಡೋಸ್ ಕಂಪ್ಯೂಟರ್‌ಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಹಾಕಿ 300 ಡಾಲರ್ ಕೇಳಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಣ ಕೊಟ್ಟರೂ ಕಡತ ಮರಳುವ ಖಾತ್ರಿಯಿಲ್ಲ.

ಆದ್ದರಿಂದ ಅಪ್‌ಡೇಟ್ ಸೂಚನೆ ಬಂದಾಗ 'ನಾಳೆ' ಎನ್ನಬೇಡಿ. ಇಂತಹ ವೈರಸ್‌ಗಳು ಇ-ಮೇಲ್‌ನಲ್ಲೂ ಬರುತ್ತವೆ. ಅಪರಿಚಿತರು ಕಳುಹಿಸಿದ ಕಡತ ತೆರೆಯಬೇಡಿ. ತಿಂಗಳಿಗೊಮ್ಮೆ ಮುಖ್ಯವಾದುದನ್ನೆಲ್ಲ ಬೇರೊಂದು ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ಕೂಡಲೇ ಕೇಬಲ್ ತೆಗೆದು ಕಪಾಟಿನಲ್ಲಿಡಿ. ಜೋಡಿಸಿಯೇ ಇಟ್ಟರೆ ಅದಕ್ಕೂ ಬೀಗ ಬೀಳಬಹುದು. ಒಂಟೆಯನ್ನು ಕಟ್ಟಿದ ಮೇಲಲ್ಲವೇ ತವಕ್ಕುಲ್?