ಸಂಧಾನ ಕಾಡಿನಲ್ಲಿ, ಕೇಸು ಕೋರ್ಟಿನಲ್ಲಿ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮಗೆ ನೆರೆರಾಜ್ಯದ ಸಂಬಂಧ ಎಂಬುದು ದೆಹಲಿಯಲ್ಲಿ ಕೂತು ಚರ್ಚಿಸುವ ವಿಷಯವಲ್ಲ. ತೆರಕಣಾಂಬಿಯ ಮಾರುಕಟ್ಟೆಗೆ ತರಕಾರಿ ಕೊಳ್ಳಲು ತಮಿಳುನಾಡಿನವರೂ ಬರುತ್ತಾರೆ, ಕೇರಳದವರೂ ಬರುತ್ತಾರೆ. ತಾಳವಾಡಿ ತಮಿಳುನಾಡಿಗೆ ಸೇರಿದ್ದರೂ ಅಲ್ಲಿ ಕನ್ನಡ ಮನೆಮಾತಾದವರೇ ಹೆಚ್ಚು; ಸಂತೆ, ಆಸ್ಪತ್ರೆ, ಹೆಣ್ಣು ಕೊಟ್ಟು ತರುವುದು ಎಲ್ಲದಕ್ಕೂ ಅವರು ಚಾಮರಾಜನಗರದ ದಾರಿ ಹಿಡಿಯುತ್ತಾರೆ. ಕಾವೇರಿ ಗಲಾಟೆ ಎದ್ದರೆ ಗಡಿಯಲ್ಲಿ ನಿಲ್ಲುವುದು ನಮ್ಮ ಬಸ್ಸು, ನಮ್ಮ ಲಾರಿ. ಹಾಗಾಗಿ ‘ಹೇಗಾದರೂ ಮಾಡಿ ಶಾಂತಿ ಉಳಿಸಿ’ ಎಂದು ಸರ್ಕಾರವನ್ನು ಕೇಳಿಕೊಳ್ಳುವವರಲ್ಲಿ ನಾವೇ ಮುಂದು. ಆದರೆ ಶಾಂತಿಗಾಗಿ ಕೋರ್ಟಿನಲ್ಲಿರುವ ಕೇಸನ್ನೂ ಬಿಟ್ಟುಕೊಡಬಹುದೇ? ಕೂಡದು ಎಂಬುದು ನನ್ನ ನಿಲುವು. ಈ ನಿಲುವಿಗೆ ನಮ್ಮ ಜಿಲ್ಲೆಯೇ ಬೆಲೆ ತೆತ್ತಿದೆ ಎಂಬುದೂ ಗೊತ್ತು.

2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಕಾಡುಗಳ್ಳ ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಕರೆದೊಯ್ದ. ಅವನ ಬೇಡಿಕೆಗಳ ಪಟ್ಟಿಯಲ್ಲಿ ಕಾವೇರಿ ನೀರಿತ್ತು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯಿತ್ತು, ಜೊತೆಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟಿನ ಆರೋಪಿಗಳ ಬಿಡುಗಡೆಯೂ ಇತ್ತು. ಇತ್ತ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ, ಅತ್ತ ಮುಖ್ಯಮಂತ್ರಿ ಕರುಣಾನಿಧಿ, ನಡುವೆ ಸಂಧಾನಕಾರರಾಗಿ ಕಾಡು ಹೊಕ್ಕ ‘ನಕ್ಕೀರನ್’ ಗೋಪಾಲ್. ರಾಜಕುಮಾರ್ ಅವರಿಗೆ ಏನಾದರೂ ಆಗಿದ್ದರೆ ಎರಡೂ ರಾಜ್ಯಗಳಲ್ಲಿ ಏನಾಗುತ್ತಿತ್ತೋ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸರ್ಕಾರ ಮಾತುಕತೆಗೆ ಇಳಿದದ್ದು ತಪ್ಪಲ್ಲ. ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. 51 ಆರೋಪಿಗಳ ಮೇಲಿನ ಟಾಡಾ ಆರೋಪ ಹಿಂಪಡೆಯಲು ಸರ್ಕಾರಿ ವಕೀಲರು ಅರ್ಜಿ ಹಾಕಿದರು, ವಿಶೇಷ ಕೋರ್ಟು ಒಪ್ಪಿಯೂ ಬಿಟ್ಟಿತು.

ತಡೆದದ್ದು ಒಬ್ಬ ತಂದೆ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ತಂಡ ಹೊಂಚು ಹಾಕಿ ಎಸ್.ಪಿ. ಹರಿಕೃಷ್ಣ ಅವರನ್ನು ಕೊಂದಾಗ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಕೂಡ ಬಲಿಯಾಗಿದ್ದರು. ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನಾಡಿಗೆ ನಾಡೇ ಅಣ್ಣಾವ್ರಿಗಾಗಿ ಹರಕೆ ಹೊತ್ತಿದ್ದ ದಿನಗಳಲ್ಲಿ ಆ ಅರ್ಜಿಗೆ ಸಹಿ ಹಾಕಲು ಎಂಥ ಗಟ್ಟಿ ಎದೆ ಬೇಕಿತ್ತು, ಯೋಚಿಸಿ. ನ್ಯಾಯಮೂರ್ತಿ ಭರೂಚಾ ಅವರಿದ್ದ ತ್ರಿಸದಸ್ಯ ಪೀಠ ನವೆಂಬರ್ 7ರಂದು ಆ ಹಿಂಪಡೆತವನ್ನು ರದ್ದುಮಾಡಿತು. ಕೇಸು ಬಿಡಬೇಕೋ ಬೇಡವೋ ಎಂದು ಸರ್ಕಾರಿ ವಕೀಲರು ಸ್ವಂತ ಬುದ್ಧಿಯಿಂದ ತೀರ್ಮಾನಿಸಬೇಕು. ಅದು ಸಾರ್ವಜನಿಕ ಹಿತಕ್ಕೆ ಒಪ್ಪುತ್ತದೆಯೇ ಎಂದು ಕೋರ್ಟೂ ಪರೀಕ್ಷಿಸಬೇಕು. ಇಲ್ಲಿ ಎರಡೂ ಆಗಿಲ್ಲ ಎಂದಿತು. ಕೋರ್ಟು ಹೀಗೆ ಬಾಗಿಲು ಹಾಕಿದರೆ ರಾಜಕುಮಾರ್ ಪ್ರಾಣಕ್ಕೆ ಅಪಾಯ ಎಂದು ಹೆದರಿದ್ದವರು ಅನೇಕರು. ರಾಜಕುಮಾರ್ ನವೆಂಬರ್ 15ರಂದು, 108 ದಿನಗಳ ನಂತರ, ಸುರಕ್ಷಿತವಾಗಿ ಮರಳಿದರು. ಆ 51 ಜನ ಅಂದೂ ಜೈಲಿನಲ್ಲೇ ಇದ್ದರು.

ಇಷ್ಟಕ್ಕೇ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಜೈಲಿನಲ್ಲಿದ್ದವರೆಲ್ಲ ವೀರಪ್ಪನ್ ಬಂಟರಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಾಡಿ, ಹಳ್ಳಿಗಳಿಂದ ಅನುಮಾನದ ಮೇಲೆ ಎಳೆದು ತಂದ ಬಡಪಾಯಿಗಳೂ ಇದ್ದರು. 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ಕೋರ್ಟು ತೀರ್ಪು ಕೊಟ್ಟಾಗ ಬಹುಪಾಲು ಆರೋಪಿಗಳು ಖುಲಾಸೆಯಾದರು. ವೀರಪ್ಪನ್ ಬೇಟೆಗೆ ಇಳಿದಿದ್ದ ಕಾರ್ಯಪಡೆಯ ದೌರ್ಜನ್ಯವನ್ನು ವಿಚಾರಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ವರದಿಯ ನಂತರ 2007ರಲ್ಲಿ 89 ಜನರಿಗೆ ಪರಿಹಾರ ಕೊಡಬೇಕಾಯಿತು. ಅಂದರೆ ಬಿಡುಗಡೆಯ ಬೇಡಿಕೆಯಲ್ಲಿ ನ್ಯಾಯವೂ ಇತ್ತು. ನನ್ನ ಸಿಟ್ಟು ಇರುವುದು ಅಲ್ಲೇ. ವರ್ಷಗಟ್ಟಲೆ ಕೊಳೆತ ಆ ಜನರಿಗೆ ಶೀಘ್ರ ವಿಚಾರಣೆ ಕೊಡಬೇಕೆಂದು ಸರ್ಕಾರಕ್ಕೆ ತಾನಾಗಿ ಹೊಳೆಯಲಿಲ್ಲ, ಒಬ್ಬ ಕಾಡುಗಳ್ಳ ಒತ್ತೆಯಾಳು ಇಟ್ಟುಕೊಂಡಾಗ ಹೊಳೆಯಿತು. ನಿರಪರಾಧಿಯೂ ಕೊಲೆಗಾರನೂ ಒಂದೇ ಪಟ್ಟಿಯಲ್ಲಿ ಒಟ್ಟಿಗೆ ಹೊರಬಂದಿದ್ದರೆ ನಿರಪರಾಧಿಯ ಹಣೆಯ ಕಳಂಕ ಸಾಯುವವರೆಗೂ ಅಳಿಯುತ್ತಿರಲಿಲ್ಲ. ಅದನ್ನು ಅಳಿಸಿದ್ದು ಕೋರ್ಟಿನ ತೀರ್ಪು.

ಹಾಗೆಂದು ಕೋರ್ಟಿನ ಬಿಗಿ ನಿಲುವು ಎಲ್ಲ ಪ್ರಾಣಗಳನ್ನೂ ಉಳಿಸುತ್ತದೆ ಎನ್ನಲಾರೆ. ರಾಜಕುಮಾರ್ ಅಪಹರಣವಾದ ಎರಡು ವರ್ಷದ ನಂತರ ನಮ್ಮದೇ ಜಿಲ್ಲೆಯ ಕಾಮಗೆರೆಯಿಂದ ಅಪಹರಣವಾದ ಮಾಜಿ ಸಚಿವ ಎಚ್. ನಾಗಪ್ಪ ಹೆಣವಾಗಿ ಸಿಕ್ಕರು. ಆ ನೋವು ಇಲ್ಲಿ ಇನ್ನೂ ಆರಿಲ್ಲ.

ನ್ಯಾಯಾಂಗದ ಸ್ವಾತಂತ್ರ್ಯ ಎಂದಾಗ ನಾವು ನ್ಯಾಯಾಧೀಶರನ್ನಷ್ಟೇ ನೆನೆಯುತ್ತೇವೆ. ರಾಜಕೀಯ ಒಳನುಸುಳುವುದು ಹೆಚ್ಚಾಗಿ ಸರ್ಕಾರಿ ವಕೀಲರ ಮೇಜಿನ ಮೂಲಕ. ಜಯಲಲಿತಾ ಪ್ರಕರಣ ಇದಕ್ಕೆ ಸಾಕ್ಷಿ. ಅವರು ಅಧಿಕಾರ ಕಳೆದುಕೊಂಡಿದ್ದಾಗ ಡಿಎಂಕೆ ಸರ್ಕಾರ ಹೂಡಿದ ಅಕ್ರಮ ಆಸ್ತಿ ಕೇಸು ಅದು. ಸೇಡಿನ ರಾಜಕೀಯ ಎಂಬ ಮಾತಿಗೆ ಮೊದಲಿಂದಲೂ ಅವಕಾಶವಿತ್ತು. 2001ರಲ್ಲಿ ಅವರೇ ಅಧಿಕಾರಕ್ಕೆ ಮರಳಿದ ಮೇಲೆ 76 ಸಾಕ್ಷಿಗಳನ್ನು ಮತ್ತೆ ಕರೆಸಲಾಯಿತು, ಹೆಚ್ಚಿನವರು ಹಿಂದಿನ ಹೇಳಿಕೆಯಿಂದ ಹಿಂದೆ ಸರಿದರು, ಸರ್ಕಾರಿ ವಕೀಲರು ತುಟಿ ಬಿಚ್ಚಲಿಲ್ಲ. ಅದಕ್ಕೇ ಸುಪ್ರೀಂ ಕೋರ್ಟು 2003ರ ನವೆಂಬರಿನಲ್ಲಿ ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. ವಿಶೇಷ ಅಭಿಯೋಜಕರನ್ನು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳೊಂದಿಗೆ ಸಮಾಲೋಚಿಸಿಯೇ ನೇಮಿಸಬೇಕೆಂದಿತು. ಕಾವೇರಿಗಾಗಿ ಜಯಲಲಿತಾ ಜೊತೆ ಜಗಳವಾಡುತ್ತಿದ್ದ ರಾಜ್ಯದ ಹೆಗಲಿಗೇ ಅವರ ವಿಚಾರಣೆ ಬಿತ್ತು. ಎರಡರಲ್ಲೊಂದು ಹುದ್ದೆ ಆರಿಸಿಕೊಳ್ಳಬೇಕಾಗಿ ಬಂದಾಗ ವಿಶೇಷ ಅಭಿಯೋಜಕರಾಗಿದ್ದ ಬಿ.ವಿ. ಆಚಾರ್ಯರು 2012ರಲ್ಲಿ ಅಡ್ವೊಕೇಟ್ ಜನರಲ್ ಹುದ್ದೆಯನ್ನೇ ಬಿಟ್ಟು ಈ ಕೇಸು ಉಳಿಸಿಕೊಂಡರು. 2015ರಲ್ಲಿ ಹೈಕೋರ್ಟು ಖುಲಾಸೆ ಮಾಡಿದಾಗ, ನೆರೆಯ ಮುಖ್ಯಮಂತ್ರಿಯ ಕೋಪ ನಮಗೇಕೆ ಎಂದು ಸುಮ್ಮನಿರಬಹುದಿತ್ತು. ಸಿದ್ದರಾಮಯ್ಯ ಸರ್ಕಾರ ಕಾನೂನು ಸಲಹೆ ಪಡೆದು ಮೇಲ್ಮನವಿ ಹಾಕಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿಚಾರಣಾ ಕೋರ್ಟಿನ ಶಿಕ್ಷೆಯ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು.

ಈ ಎಚ್ಚರ ಒಂದು ಕೇಸಿಗೆ ಸೀಮಿತವಾಗಿ ಉಳಿದದ್ದು ದುರ್ದೈವ. ಯಾವ ಪಕ್ಷ ಬಂದರೂ ಸಂಪುಟದಲ್ಲಿ ಕೇಸು ಕೈಬಿಡುವ ಪಟ್ಟಿ ತಪ್ಪಿಲ್ಲ. 2024ರ ಅಕ್ಟೋಬರಿನಲ್ಲಿ 43 ಕೇಸುಗಳನ್ನು ಹಿಂಪಡೆದ ಆದೇಶವನ್ನು ಮರುವರ್ಷ ಹೈಕೋರ್ಟು ರದ್ದು ಮಾಡಬೇಕಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಸೆಕ್ಷನ್ ಪ್ರಕಾರ, ಸಂತ್ರಸ್ತರ ಮಾತು ಕೇಳದೆ ಯಾವ ಕೋರ್ಟೂ ಕೇಸು ಹಿಂಪಡೆಯಲು ಒಪ್ಪುವಂತಿಲ್ಲ. ಅಬ್ದುಲ್ ಕರೀಂ ದೆಹಲಿವರೆಗೆ ಹೋಗಿ ಹೇಳಬೇಕಾಗಿದ್ದ ಮಾತನ್ನು ಇನ್ನು ಮುಂದೆ ಅಂಥ ತಂದೆ ಕೆಳಗಿನ ಕೋರ್ಟಿನಲ್ಲೇ ಹೇಳಬಹುದು. ಆದರೆ ಅದೇ ಸಂಹಿತೆಯ 20ನೇ ಸೆಕ್ಷನ್ ಅಭಿಯೋಜನಾ ನಿರ್ದೇಶನಾಲಯವನ್ನು ಗೃಹ ಇಲಾಖೆಯ ಆಡಳಿತದಡಿಯಲ್ಲೇ ಇಟ್ಟಿದೆ. ಇದು ಬದಲಾಗಬೇಕು. ಮುಂದಿನ ಚುನಾವಣೆಗೆ ಮತ ಕೇಳಲು ಬರುವವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಸರ್ಕಾರಿ ವಕೀಲರನ್ನು ಗೃಹ ಮಂತ್ರಿಯ ಕೈಯಿಂದ ಬಿಡಿಸುತ್ತೀರಾ ಎಂದು ಕೇಳಿ.