ಪೈಥಾನ್ ಗದ್ದಲದಲ್ಲಿ ‘ಸಿ’ ದಂಡವಾಯಿತೆ?

‘ಸರ್, ಎಲ್ಲಿ ನೋಡಿದ್ರೂ ಬರೇ ಪೈಥಾನ್ ಪೈಥಾನ್ ಅಂತ ಬರೀತಾರ. ನಮ್ಮ ಹುಡುಗ ‘ಸಿ’ ಕಲ್ತದ್ದು ದಂಡ ಆತೇನ್ರಿ? ಬೆಳಗಾವಿಗೆ ಮತ್ತೊಂದು ಕ್ಲಾಸಿಗೆ ಹಚ್ಚೂದೇನು?’ ಖಾನಾಪುರದ ಪಾಲಕರು ಹೀಗೆ ಕೇಳುತ್ತಿರುತ್ತಾರೆ. ಫೀ, ಬಸ್ ಖರ್ಚು, ಮಕ್ಕಳ ಸಂಜೆಗಳು ಎಲ್ಲವೂ ಈ ಪ್ರಶ್ನೆಯಲ್ಲಿವೆ. ಆದ್ದರಿಂದ ಬಿಡಿಸಿ ಹೇಳುವುದೇ ಒಳ್ಳೆಯದು.

ಪ್ರೋಗ್ರಾಮ್ ಬರೆಯುವವರ ಪತ್ರಿಕೆಗಳಲ್ಲಿ ಇಂಥ ಮೆರವಣಿಗೆ ಹೊಸದಲ್ಲ. ಅಮೆರಿಕದ ‘ಡಾ. ಡಾಬ್ಸ್ ಜರ್ನಲ್’ 1976ರಲ್ಲಿ ಹುಟ್ಟಿದ್ದೇ ಬೇಸಿಕ್ ಭಾಷೆಯ ಸಲುವಾಗಿ. ‘ಬೈಟ್’ ಪತ್ರಿಕೆ 1978ರ ಆಗಸ್ಟ್ ಸಂಚಿಕೆಯಲ್ಲಿ ಪ್ಯಾಸ್ಕಲ್‌ಗೆ, 1983ರ ಆಗಸ್ಟ್‌ನಲ್ಲಿ ‘ಸಿ’ಗೆ ಮಣೆ ಹಾಕಿತು. 1995ರಲ್ಲಿ ಜಾವಾ ಬಂತು. ಈಗ ಕೃತಕ ಬುದ್ಧಿಮತ್ತೆಯ ದೆಸೆಯಿಂದ ಪೈಥಾನ್ ಸರದಿ. ಬರೆಯುವವರಿಗೆ ಹೊಸದೇ ಸುದ್ದಿ. ಐವತ್ತು ವರ್ಷ ಸದ್ದಿಲ್ಲದೆ ದುಡಿಯುವುದು ಸುದ್ದಿಯಲ್ಲ. 2011ರ ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡಾಗ ಲೋಕವೆಲ್ಲ ಬರೆಯಿತು. ಒಂದೇ ವಾರದಲ್ಲಿ ‘ಸಿ’ಯನ್ನು ರೂಪಿಸಿದ ಡೆನಿಸ್ ರಿಚಿ ಹೋದದ್ದು ಎಷ್ಟು ಜನರಿಗೆ ಗೊತ್ತಾಯಿತು?

ತಮಾಷೆಯೆಂದರೆ, 1991ರಲ್ಲಿ ಹೊರಬಂದ ಪೈಥಾನ್‌ನ ಎಲ್ಲರೂ ಬಳಸುವ ಆವೃತ್ತಿಯನ್ನು ಬರೆದಿರುವುದೇ ‘ಸಿ’ಯಲ್ಲಿ! ಲಿನಕ್ಸ್‌ನ ತಿರುಳೂ ಬಹುಪಾಲು ಅದೇ.

ವಿದ್ಯಾರ್ಥಿಗಳೇ, ಒಂದು ಪ್ರಯೋಗ ಮಾಡಿ. 1ರಿಂದ 12ರವರೆಗಿನ ಅಂಕಿಗಳನ್ನು ಗುಣಿಸುವ ಪ್ರೋಗ್ರಾಮನ್ನು ಎರಡೂ ಭಾಷೆಗಳಲ್ಲಿ ಬರೆಯಿರಿ. ಉತ್ತರ 47,90,01,600, ಎರಡೂ ಸರಿ. ಈಗ 13ರವರೆಗೆ ಗುಣಿಸಿ. ಪೈಥಾನ್ 6,22,70,20,800 ಎಂದು ಸರಿಯಾಗಿ ಹೇಳುತ್ತದೆ. ‘ಸಿ’ಯ ಸಾದಾ ಪೂರ್ಣಾಂಕ ಸಾಮಾನ್ಯವಾಗಿ 1,93,20,53,504 ಎಂದುಬಿಡುತ್ತದೆ. ಏಕೆ? ಅದಕ್ಕಿರುವುದು 32 ಬಿಟ್ ಜಾಗ. 2,14,74,83,647 ದಾಟಿದರೆ ಪಾತ್ರೆ ತುಂಬಿ ಚೆಲ್ಲುತ್ತದೆ. ಪೈಥಾನ್ ತಾನೇ ದೊಡ್ಡ ಪಾತ್ರೆ ತಂದುಕೊಳ್ಳುತ್ತದೆ, ಅದಕ್ಕಾಗಿ ಸಮಯವನ್ನೂ ಮೆಮೊರಿಯನ್ನೂ ಹೆಚ್ಚು ತಿನ್ನುತ್ತದೆ. ಯಂತ್ರದೊಳಗೆ ಜಾಗ ಎಂಬುದೊಂದಿದೆ ಎಂದು ‘ಸಿ’ ಕಲಿತ ಹುಡುಗನಿಗೆ ಗೊತ್ತು. ನಾಳೆ ಉದ್ಯಮಬಾಗದಲ್ಲಿ ಮೋಟಾರು ನಿಯಂತ್ರಿಸುವ ಪುಟ್ಟ ಚಿಪ್ ಅವನ ಕೈಗೆ ಬಂದರೆ, ಅಲ್ಲಿರುವುದು ಕೆಲವೇ ಕಿಲೋಬೈಟ್ ಜಾಗ.

ಹಾಗೆಂದು ಪೈಥಾನ್ ಬೇಡವೆನ್ನುವುದು ಹಟವಾದೀತು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಕಂಪ್ಯೂಟರ್ ವಿಜ್ಞಾನ ಪುಸ್ತಕದಲ್ಲಿರುವುದು ಅದೇ. ಖಾನಾಪುರ ಬಸ್ಸಿನಲ್ಲಿ ಬರುವಾಗ ಮಚ್ಛೆಯ ಬಳಿ ಕಾಣುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ತನ್ನ 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೆ ಎರಡಕ್ಕೂ ಜಾಗ ಕೊಟ್ಟಿತು. ಇನ್ನೂ ಏನೂ ಕಲಿಯದವರು ಪೈಥಾನ್‌ನಿಂದಲೇ ಶುರು ಮಾಡಲಿ ಎಂಬುದು ನನ್ನ ಅಭಿಪ್ರಾಯ.

‘ಸಿ’ ಬಂದವರಿಗೆ ಮಾತ್ರ ದುಬಾರಿ ಕ್ಲಾಸು ಬೇಡ. ಪೈಥಾನ್ ಉಚಿತವಾಗಿ ಸಿಗುತ್ತದೆ. ಷರತ್ತು, ಲೂಪ್, ಫಂಕ್ಷನ್ ಎಲ್ಲವೂ ಹಳೆಯ ಪರಿಚಯವೇ. ಮನೆಯಲ್ಲಿ ದಿನಕ್ಕೊಂದು ಗಂಟೆ ಕೂತರೆ ಒಂದೆರಡು ತಿಂಗಳಲ್ಲಿ ಕೈ ಹತ್ತುತ್ತದೆ. ಒಂದು ಕಡೆ ಜೋಕೆ: ಪೈಥಾನ್‌ನಲ್ಲಿ ಪುಷ್ಪಾವರಣ ಚಿಹ್ನೆಯ ಬದಲು ಸಾಲಿನ ಮೊದಲು ಬಿಡುವ ಖಾಲಿ ಜಾಗವೇ ಲೆಕ್ಕಕ್ಕೆ ಬರುತ್ತದೆ. ‘ಸಿ’ಯಿಂದ ಬಂದವರು ಮೊದಲ ವಾರ ಎಡವುವುದು ಅಲ್ಲಿಯೇ.